ತಪ್ಪು ಸೆನ್ಸರಿನದಲ್ಲ

ಬೈಕ್ ಟೈರಿನ ಗಾಳಿ ಸೆನ್ಸರ್ ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು ಲೆಕ್ಕ ಕೊಡುತ್ತದೆ, ನಂಬಬೇಡಿ ಎಂದು ನಿಮ್ಮ ಲೇಖಕರು ಬರೆದಿದ್ದಾರೆ. ಬದಲಾಗದಿದ್ದರೆ ತಾನೇ ಅನುಮಾನಿಸಬೇಕಾದ್ದು! ನಂಜನಗೂಡಿನಲ್ಲಿ ಬೆಳಿಗ್ಗೆ 20 ಡಿಗ್ರಿಯಲ್ಲಿ 29 ಪಿಎಸ್‌ಐ ಇದ್ದ ಟೈರು ಟಿ. ನರಸೀಪುರ ಮುಟ್ಟುವಷ್ಟರಲ್ಲಿ ಕಾದು 45 ಡಿಗ್ರಿಯಾದರೆ, ಒತ್ತಡ ಹೆಚ್ಚುಕಡಿಮೆ 33ಕ್ಕೆ ಏರಲೇಬೇಕು. ಅದನ್ನು ಕಂಡು ಗಾಬರಿಯಿಂದ ಗಾಳಿ ಇಳಿಸಿದರೆ ಮಾರನೆಯ ಬೆಳಿಗ್ಗೆ ಟೈರು ಮೆತ್ತಗಾಗಿರುತ್ತದೆ. ಅಪಾಯ ಇರುವುದು ಅಲ್ಲಿ. ಕಂಪನಿ ಹೇಳುವ ಅಳತೆ ತಣ್ಣಗಿರುವ ಟೈರಿನದು.

ವಾಲ್ವಿಗೆ ತಿರುಗಿಸಿ ಕೂರಿಸುವ ಅಗ್ಗದ ಸೆನ್ಸರು ಒಂದೆರಡು ಪಿಎಸ್‌ಐ ಆಚೀಚೆ ತೋರಿಸೀತು, ಒಪ್ಪುತ್ತೇನೆ. ಆದರೆ ಪೆಟ್ರೋಲ್ ಬಂಕಿನ ಮೀಟರೇ ಸಾಕೆಂಬ ಅವರ ಮಾತನ್ನು ಒಪ್ಪಲಾರೆ. ದಾರಿಯಲ್ಲಿ ಮೊಳೆ ಚುಚ್ಚಿ ಟ್ಯೂಬ್‌ಲೆಸ್ ಟೈರಿನ ಗಾಳಿ ಮೆಲ್ಲಗೆ ಸೋರುತ್ತಿರುವಾಗ, ಹ್ಯಾಂಡಲ್ ಎಳೆಯುವ ಮೊದಲೇ ಎಚ್ಚರಿಸುವುದು ಚಕ್ರದಲ್ಲಿರುವ ಸೆನ್ಸರು.