ಬಾಯಿ ಮುಚ್ಚಿ ಮಲಗು!

ಬಾಯಿ ತೆರೆದು ಗೊರಕೆ ಹೊಡೆಯುವ ಮಗುವನ್ನು ಕಂಡು ಮನೆಮಂದಿ ನಗುವುದುಂಟು. 'ಎಂತಹ ಗಾಢ ನಿದ್ರೆ!' ಎಂದು ಹಿಗ್ಗುವುದೂ ಉಂಟು. ಅದು ಗಾಢ ನಿದ್ರೆಯೇ ಅಲ್ಲದಿರಬಹುದೆಂದು ತಿಳಿಯಲು ವೈದ್ಯಲೋಕಕ್ಕೂ ಬಹುಕಾಲ ಹಿಡಿಯಿತು.

ಅಮೆರಿಕದ ಮೂಲನಿವಾಸಿಗಳ ಚಿತ್ರಗಳಿಂದ ಖ್ಯಾತನಾದ ಕಲಾವಿದ ಜಾರ್ಜ್ ಕ್ಯಾಟ್ಲಿನ್ 1830ರ ದಶಕದಲ್ಲಿ ಅವರ ಬೀಡುಗಳಲ್ಲಿ ಸಂಚರಿಸಿದನು. ನಿದ್ರಿಸುವ ಕೂಸಿನ ತುಟಿಗಳನ್ನು ತಾಯಂದಿರು ಮೆಲ್ಲನೆ ಕೂಡಿಸುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ಅವರ ಸಾಲುಹಲ್ಲಿಗೂ ಆರೋಗ್ಯಕ್ಕೂ ಇದೇ ಕಾರಣವೆಂದು ಬಗೆದು 1860ರ ದಶಕದ ಆರಂಭದಲ್ಲಿ ಪುಸ್ತಕವನ್ನೇ ಬರೆದನು. ಅವನ ಉಪದೇಶವಿಷ್ಟೆ: ಬಾಯಿ ಮುಚ್ಚಿ ಮಲಗಿರಿ.

ಆದರೆ ಮೂಗೇ ಕಟ್ಟಿದ್ದರೆ ಬಾಯಿ ಮುಚ್ಚುವುದೆಂತು? 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್, ಮೂಗಿನ ಹಿಂಬದಿಯಲ್ಲಿ ಮೃದುವಾದ ಮಾಂಸ ಬೆಳೆದು ಉಸಿರಿನ ಹಾದಿಯನ್ನು ಅಡ್ಡಗಟ್ಟುವುದೆಂದು ತೋರಿಸಿದನು. ಅದೇ ಅಡಿನಾಯ್ಡ್.

ಇದಕ್ಕೂ ಹಲ್ಲಿಗೂ ನಂಟೇನು? ಬಾಯಿ ಮುಚ್ಚಿರುವಾಗ ನಾಲಗೆಯು ಅಂಗುಳಕ್ಕೆ ತಾಗಿ ಮೇಲ್ದವಡೆಗೆ ಒಳಗಿನಿಂದ ಆಸರೆಯಾಗುತ್ತದೆ. ಸದಾ ಬಾಯಿಂದ ಉಸಿರಾಡುವ ಮಗುವಿನಲ್ಲಿ ಅದು ಕೆಳಗಿಳಿಯುತ್ತದೆ. ಬೆಳೆಯುವ ಅಂಗುಳವು ಕಿರಿದಾಗಿ ಕಮಾನಿನಂತೆ ಏರಬಹುದು, ಹಲ್ಲುಗಳು ಒತ್ತೊತ್ತಾಗಬಹುದು, ಮೇಲಿನ ದವಡೆಹಲ್ಲು ಕೆಳಗಿನದರ ಒಳಬದಿಗೆ ಕಚ್ಚಬಹುದು. ಅಂಗುಳವೇ ಮೂಗಿನ ನೆಲವಷ್ಟೆ! ಅದು ಕಿರಿದಾದರೆ ಮೂಗಿನ ಹಾದಿಯೂ ಇಕ್ಕಟ್ಟಾಗುತ್ತದೆ. ಹೀಗೆ ಒಂದು ತೊಡಕು ಮತ್ತೊಂದನ್ನು ಬೆಳೆಸುತ್ತದೆ.

1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗಿಯಮಿನೊ ಮತ್ತು ಸಂಗಡಿಗರು, ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ತಡೆಯುತ್ತಿದ್ದ 8 ಮಕ್ಕಳ ಸ್ಥಿತಿಯನ್ನು ವರ್ಣಿಸಿದರು. ಹಗಲಿನ ತೂಕಡಿಕೆ, ಪಾಠದಲ್ಲಿ ಹಿನ್ನಡೆ, ಹಾಸಿಗೆ ಒದ್ದೆಮಾಡುವುದು, ಬೆಳಗಿನ ತಲೆನೋವು ಇವೆಲ್ಲ ಅವರಲ್ಲಿ ಕಂಡುಬಂದ ಲಕ್ಷಣಗಳು. ಕೆಲವು ಮಕ್ಕಳು ತೂಕಡಿಸುವುದಿಲ್ಲ, ಬದಲಿಗೆ ಚಡಪಡಿಸುತ್ತಾರೆ.

ಸೊಟ್ಟ ಹಲ್ಲೆಲ್ಲವೂ ಉಸಿರಿನ ದೋಷವಲ್ಲ. ವಂಶಗುಣವೂ ಬೆರಳು ಚೀಪುವ ಅಭ್ಯಾಸವೂ ಕಾರಣವಾದೀತು. ಆದರೆ ವಕ್ರದಂತದೊಡನೆ ದಿನವೂ ಗೊರಕೆ ಇದ್ದರೆ, ದಂತವೈದ್ಯರನ್ನು ಕಂಡರಷ್ಟೇ ಸಾಲದು. ಕಿವಿ-ಮೂಗು-ಗಂಟಲಿನ ತಜ್ಞರಿಗೂ ತೋರಿಸಬೇಕು. ಬಹುಮಂದಿ ಮಕ್ಕಳಿಗೆ ಅಡಿನಾಯ್ಡ್ ಮತ್ತು ಟಾನ್ಸಿಲ್ ತೆಗೆದರೆ ಗುಣ ಕಾಣುತ್ತದೆ. ಕೆಲವರಲ್ಲಿ ಕಾಲವೇ ವಾಸಿಮಾಡುತ್ತದೆ. ಅಂಗುಳ ಕಿರಿದಾಗಿದ್ದರೆ ಅದನ್ನು ಅಗಲಿಸುವ ಸಾಧನವೂ ಉಂಟು. ಎಳವೆಯಲ್ಲಿ ಅದರ ಕೆಲಸ ಸುಲಭ.

ತರಗತಿಯಲ್ಲಿ ತೂಕಡಿಸಿ 'ಸೋಮಾರಿ' ಎನಿಸಿಕೊಂಡ ಮಗು, ಬಹುಶಃ ರಾತ್ರಿಯೆಲ್ಲ ಉಸಿರಿಗಾಗಿ ದುಡಿದು ದಣಿದಿರುತ್ತದೆ. 'ಬಾಯಿ ಮುಚ್ಚಿ ಮಲಗು' ಎಂದು ಗದರುವ ಮುನ್ನ, ಅದು ಬಾಯಿ ತೆರೆದುದೇಕೆಂದು ಹಿರಿಯರು ಒಂದು ರಾತ್ರಿ ಬಳಿಯಲ್ಲಿ ಕುಳಿತು ಆಲಿಸಬಾರದೆ?