ಮುಪ್ಪಿನ ಕಾಲಕ್ಕೆ ಯಾವ ಬೀದಿ?

ವಯಸ್ಸಾದ ಮೇಲೆ ಸಂಸಾರದ ಭಾರವನ್ನು ಮಕ್ಕಳಿಗೆ ಒಪ್ಪಿಸಿ ವಾನಪ್ರಸ್ಥಕ್ಕೆ ಹೊರಡಬೇಕೆಂದು ನಮ್ಮ ಹಿರಿಯರು ವಿಧಿಸಿದ್ದರು. ಈಗಿನ ಗೃಹಸ್ಥನೂ ಹೊರಡುವುದುಂಟು. ಆದರೆ ಅರಣ್ಯಕ್ಕಲ್ಲ, ಪಟ್ಟಣಕ್ಕೆ. ನಮ್ಮ ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಇದು ಚೆನ್ನಾಗಿ ಕಾಣಬರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ನೆಲಸಿರುತ್ತಾರೆ. ತೋಟದ ನಡುವಣ ಮನೆಯಲ್ಲಿ ಉಳಿದವರು ದಂಪತಿಗಳಿಬ್ಬರೇ. ಕಾಯಿ ಕೀಳಿಸುವುದು, ಸುಲಿಸುವುದು, ಅಟ್ಟಕ್ಕೇರಿಸುವುದು ಇವೆಲ್ಲ ಕೈಮೀರಿದಾಗ, ತೋಟವನ್ನು ನಂಬಿಕೆಯುಳ್ಳವರಿಗೆ ವಹಿಸಿ, ತಿಪಟೂರಿನಲ್ಲೊಂದು ಬಾಡಿಗೆಯ ಮನೆ ನೋಡುತ್ತಾರೆ. ಶಾಲೆ ಕಚೇರಿಗಳಿಂದ ನಿವೃತ್ತರಾದವರೂ ಇವರೊಡನೆ ಸೇರುತ್ತಾರೆ. ಹಿಂದೆ ಮೈಸೂರಿಗೆ ಪಿಂಚಣಿದಾರರ ಊರೆಂಬ ಖ್ಯಾತಿಯಿತ್ತು. ಈಗ ಪ್ರತಿಯೊಂದು ತಾಲ್ಲೂಕು ಪಟ್ಟಣದಲ್ಲಿಯೂ ಅಂಥ ಬಡಾವಣೆಯೊಂದು ತಾನಾಗಿಯೇ ಬೆಳೆಯುತ್ತಿದೆ.

ಇಂಥವರು ಮೊದಲು ಕೇಳುವ ಪ್ರಶ್ನೆ ಯಾವ ಊರೆಂಬುದು. ಇದಕ್ಕೆ ಉತ್ತರ ಕಠಿನವಲ್ಲ. ತುರುವೇಕೆರೆಯು ಹೊಯ್ಸಳರ ಕಾಲದ ದೇವಾಲಯಗಳುಳ್ಳ ಊರು, ಗದ್ದಲ ಕಡಮೆ. ಚಿಕ್ಕನಾಯಕನಹಳ್ಳಿಯಲ್ಲಿ ಹಳೆಯ ಬಳಕೆಯ ಜನರಿದ್ದಾರೆ. ಆದರೆ ಈ ಎರಡು ಊರುಗಳಲ್ಲಿಯೂ ರೈಲು ನಿಲ್ದಾಣವಿಲ್ಲ. ತುರುವೇಕೆರೆಯವರು ಬಾಣಸಂದ್ರಕ್ಕೆ ಬರಬೇಕು. ತಿಪಟೂರು ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ಮೇಲಿದೆ. ಹೆಚ್ಚಿನ ಚಿಕಿತ್ಸೆಗೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾದವರಿಗೂ, ಮಕ್ಕಳ ಬರವನ್ನು ಎದುರುನೋಡುವವರಿಗೂ ಇದು ದೊಡ್ಡ ಅನುಕೂಲ. ಆದರೂ ಹುಟ್ಟಿದೂರಿನ ಬಂಧುವರ್ಗವು ಹತ್ತಿರವಿದ್ದರೆ ರೈಲಿಗಿಂತ ಅದೇ ಮೇಲೆಂದು ನಮ್ಮ ಮತ.

ಎರಡನೆಯ ಪ್ರಶ್ನೆಯೇ ಕಠಿನವಾದದ್ದು: ಊರೊಳಗೆ ಯಾವ ಬೀದಿ? ಕೊಯಮತ್ತೂರು, ಬೆಂಗಳೂರುಗಳ ಹೊರವಲಯದಲ್ಲಿ ವೃದ್ಧರಿಗೆಂದೇ ಕಟ್ಟಿದ ದೊಡ್ಡ ವಸತಿಸಮೂಹಗಳಿವೆ. ಅಲ್ಲಿ ಮನೆ ಹುಡುಕುವವರನ್ನೂ ಇದೇ ಪ್ರಶ್ನೆ ಕಾಡುತ್ತದೆ: ಭೋಜನಶಾಲೆಯ ಹತ್ತಿರವೋ, ವೈದ್ಯರ ಹತ್ತಿರವೋ, ಹೂದೋಟದ ಕಡೆಯ ಮೂಲೆಯೋ ಎಂದು.

ತಿಪಟೂರಿನಲ್ಲಿ ಆಯ್ಕೆಯು ಸ್ಥೂಲವಾಗಿ ಮೂರು ಬಗೆ. ಹೆದ್ದಾರಿ ಮತ್ತು ಕೊಬ್ಬರಿ ಮಾರುಕಟ್ಟೆಗಳ ಆಸುಪಾಸಿನಲ್ಲಿ ಎಲ್ಲವೂ ಕೈಗೆಟುಕುತ್ತದೆ. ಆದರೆ ಹರಾಜಿನ ದಿನ ಲಾರಿಗಳ ಸಂಚಾರವು ಹೆಚ್ಚು, ರಸ್ತೆ ದಾಟುವುದೇ ಒಂದು ಸಾಹಸ. ಹಳೆಯ ಪೇಟೆಯ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕೂಗಿದರೆ ನಾಲ್ಕು ಜನ ಬರುತ್ತಾರೆ. ಆದರೆ ಹೊಸ್ತಿಲುಗಳು ಎತ್ತರ, ಬಚ್ಚಲು ಎಷ್ಟೋ ಕಡೆ ಹಿತ್ತಲಲ್ಲಿ. ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕು ಧಾರಾಳ. ಆದರೆ ಗೇಟುಗಳು ಮುಚ್ಚಿರುತ್ತವೆ, ನಡುನಡುವೆ ಖಾಲಿ ನಿವೇಶನಗಳು, ರಾತ್ರಿಯಾದರೆ ನಾಯಿಗಳ ಕಾಟ. ಮಾಲೀಕರು ಕೆಳಗಿದ್ದು ಮಹಡಿಯನ್ನೇ ಬಾಡಿಗೆಗೆ ಕೊಡುವುದೂ ಅಲ್ಲಿ ಹೆಚ್ಚು. ಬಾಡಿಗೆ ಕಡಮೆಯೆಂದು ಮಹಡಿಗೆ ಒಪ್ಪಿದವರು, ಮಂಡಿನೋವು ಬಂದ ದಿನದಿಂದ ಹೊರಗೆ ಬರುವುದನ್ನೇ ಬಿಡುವುದುಂಟು.

ಆದುದರಿಂದ ಮನೆಗಿಂತ ಮೊದಲು ಬೀದಿಯನ್ನು ಪರೀಕ್ಷಿಸತಕ್ಕದ್ದು. ಬೆಳಗಿನ 6 ಗಂಟೆಗೆ, ನಡುಹಗಲಿನ ಬಿಸಿಲಿನಲ್ಲಿ, ರಾತ್ರಿ 8 ಗಂಟೆಗೆ ಹೀಗೆ ಮೂರು ಸಲ ಅಲ್ಲಿ ನಡೆದು ನೋಡಬೇಕು. ಹಾಲಿನ ಅಂಗಡಿಯಿಂದಲೂ ಔಷಧದ ಅಂಗಡಿಯಿಂದಲೂ ಕೈಯಲ್ಲಿ ಚೀಲ ಹಿಡಿದು ಹಿಂದಿರುಗಬೇಕು. ಹೋಗುವಾಗ ಹತ್ತಿರವೆನಿಸಿದ್ದು ಬರುವಾಗ ದೂರವಾಗುವುದುಂಟು. ನೀರನ್ನು ಕುರಿತು ಮಾಲೀಕರನ್ನಲ್ಲ, ಎದುರುಮನೆಯವರನ್ನು ಕೇಳಬೇಕು: ಈಚನೂರು ಕೆರೆಯಿಂದ ಬರುವ ಹೇಮಾವತಿ ನೀರು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ? ಉಳಿದ ದಿನ ಕೊಳವೆಬಾವಿಯೋ? ನಮ್ಮ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಹಲ್ಲು ಮೂಳೆಗಳಿಗೆ ಹಾನಿಮಾಡುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಬಿಡಲಾಗದು.

ಇವೆಲ್ಲ ಲೆಕ್ಕಕ್ಕೆ ಸಿಕ್ಕುವ ಸಂಗತಿಗಳು. ಲೆಕ್ಕಕ್ಕೆ ಸಿಕ್ಕದ ಒಂದು ಸಂಗತಿಯನ್ನು ಹೇಳುವುದಕ್ಕಾಗಿಯೇ ಈ ತಿಂಗಳು ನಾವು ಲೇಖನಿ ಹಿಡಿದೆವು. ನಾವು ಮನೆಯನ್ನು ನೋಡುವುದು ಇಬ್ಬರಿಗಾಗಿ. ಕಡೆಯವರೆಗೆ ಅದರಲ್ಲಿ ಇರುವವರು ಒಬ್ಬರು. ಈ ಮಾತು ಅಮಂಗಳವೆಂದು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ನಮ್ಮಲ್ಲಿ ಗಂಡನ ವಯಸ್ಸು ಸಾಮಾನ್ಯವಾಗಿ ಹೆಚ್ಚು. ಹೆಂಗಸರ ಆಯುಸ್ಸು ಗಂಡಸರದಕ್ಕಿಂತ ದೀರ್ಘ. ಆದುದರಿಂದ ಒಬ್ಬರು ಉಳಿಯುವಲ್ಲಿ, ಹೆಚ್ಚಾಗಿ ಉಳಿಯುವವಳು ಗೃಹಿಣಿ. ಹೀಗಿದ್ದೂ ಬೀದಿಯನ್ನು ಆರಿಸುವವರು ಯಾರು? ಯಜಮಾನರು. ಆರಿಸುವುದು ಯಾವುದರಿಂದ? ವಾಚನಾಲಯಕ್ಕೆ ಹತ್ತಿರ, ಹಳೆಯ ಸಹೋದ್ಯೋಗಿಗಳಿಗೆ ಹತ್ತಿರ, ಸಂಜೆ ತಿರುಗಾಡುವುದಕ್ಕೆ ಹಿತ ಎಂಬುದರಿಂದ. ಅವರು ಹೋದ ಮೇಲೆ ಆ ಸಹೋದ್ಯೋಗಿಗಳಲ್ಲಿ ಯಾರೂ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಆಕೆಗೆ ಆ ಬೀದಿಯಲ್ಲಿ ಹೆಸರು ಹಿಡಿದು ಮಾತನಾಡಿಸುವವರು ಒಬ್ಬರೂ ಇಲ್ಲದೆಹೋಗಬಹುದು.

ಸಂಸ್ಕೃತದಲ್ಲಿ ನೆರೆಯವನಿಗೆ ಪ್ರತಿವೇಶಿ ಎಂದು ಹೆಸರು. ವೇಶವೆಂದರೆ ಮನೆ, ಎದುರಿನ ಮನೆಯವನೆಂದು ಭಾವ. ಗೃಹಿಣಿಯ ಪಾಲಿಗೆ ಬೀದಿಯೆಂದರೆ ಇದೇ. ಬಾಗಿಲಿಗೆ ರಂಗೋಲಿ ಬೀಳದಿದ್ದ ಬೆಳಗ್ಗೆ ಯಾಕೆಂದು ವಿಚಾರಿಸುವ ಎದುರುಮನೆಯಾಕೆ ಇದ್ದಾಳೆಯೆ? ಜೊತೆಯಲ್ಲಿ ದೇವಸ್ಥಾನಕ್ಕೆ ಹೋಗುವವರಿದ್ದಾರೆಯೆ? ಬಸ್ಸು ನಿಲ್ಲುವ ಸ್ಥಳ ನಡೆಯುವಷ್ಟು ದೂರದಲ್ಲಿದೆಯೆ? 2023ನೆಯ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿನ ವೆಚ್ಚವಿಲ್ಲ. ನಿಲ್ದಾಣ ದೂರವಾದರೆ ಆ ಅನುಕೂಲವೂ ವ್ಯರ್ಥ. ಬ್ಯಾಂಕು, ಪಿಂಚಣಿ, ವಿದ್ಯುತ್ತಿನ ಹಣ ಇವುಗಳ ದಾರಿಯನ್ನು ಆಕೆ ಒಬ್ಬಳೇ ಒಮ್ಮೆ ನಡೆದು ಅಭ್ಯಾಸ ಮಾಡಿಕೊಂಡಿದ್ದಾಳೆಯೆ? ಈ ಪ್ರಶ್ನೆಗಳಿಗೆ ಆಕೆ ಹೌದೆನ್ನುವ ಬೀದಿಯೇ ಸರಿಯಾದ ಬೀದಿ. ಅಲ್ಲಿ ಮನೆ ಕೊಂಚ ಕಿರಿದಾದರೂ ಚಿಂತೆಯಿಲ್ಲ. ಉಳಿಯುವವರು ಯಜಮಾನರೇ ಆದರೂ ಇಂಥ ಬೀದಿಯಿಂದ ಅವರಿಗೆ ನಷ್ಟವೇನೂ ಇಲ್ಲ. ಎದುರುಮನೆಯಿಂದ ಒಂದು ಬಟ್ಟಲು ಸಾರಾದರೂ ಬಂದೀತು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ತಿಂಗಳ ಬಾಡಿಗೆಯ ಕಾಟ ತಪ್ಪಲೆಂದು ನಿವೃತ್ತಿಯ ಇಡುಗಂಟನ್ನು ಭೋಗ್ಯಕ್ಕೆ ಹಾಕುವವರು ಬಹಳ. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ಗಂಟಿಗೇ ಅಪಾಯ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸದೆ, ಮಾಲೀಕರ ಪತ್ರಗಳನ್ನು ವಕೀಲರಿಗೆ ತೋರಿಸದೆ ಹಣ ಕೊಡಕೂಡದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ಪತ್ರವನ್ನು 1908ನೆಯ ಇಸವಿಯ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಉಳಿಯುವವಳ ಕೈಯಲ್ಲಿ ಹಕ್ಕಿನ ಕಾಗದವಿರಬೇಕಾದರೆ, ಪತ್ರದಲ್ಲಿ ದಂಪತಿಗಳಿಬ್ಬರ ಹೆಸರೂ ಇರಲಿ.

ಮೊದಲ ಸಲಕ್ಕೆ ಹನ್ನೊಂದು ತಿಂಗಳ ಬಾಡಿಗೆಯ ಕರಾರೇ ಲೇಸು. ಅಟ್ಟದ ಮೇಲಿಟ್ಟ ಕಾಯಿ ಉಂಡೆಕೊಬ್ಬರಿಯಾಗುವುದಕ್ಕೂ ಸರಿಸುಮಾರು ಅಷ್ಟೇ ಕಾಲ ಬೇಕು. ಒಳಗೆ ಬಲಿತಿದೆಯೋ ಕೊಳೆತಿದೆಯೋ ಎಂಬುದನ್ನು ನಮ್ಮ ಸೀಮೆಯವರು ಅಲ್ಲಾಡಿಸಿ, ಕಿವಿಗೊಟ್ಟು ತಿಳಿಯುತ್ತಾರೆ. ಹೊರಗಿನ ನಾರನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಬೀದಿಯೂ ಹಾಗೆಯೇ. ಒಂದು ಮಳೆಗಾಲ, ಒಂದು ಬೇಸಗೆ, ಒಂದು ಜ್ವರ ಇಷ್ಟು ಕಳೆದ ಮೇಲೆ ಅದರ ಒಳಗು ತಿಳಿಯುತ್ತದೆ. ಜ್ವರದ ದಿನ ಯಾರು ಬಾಗಿಲಿಗೆ ಬಂದರೆಂಬುದನ್ನು ಗೃಹಿಣಿಯನ್ನೇ ಕೇಳಿ, ಆಮೇಲೆ ಮುಂದಿನ ಕರಾರಿಗೆ ರುಜು ಹಾಕಿರಿ.