ಬೂಟಿನಾಗಿನ ಫೋನು, ಕೈಯಾಗಿನ ಕೆರ

ಅಮೆರಿಕದ ಟಿ.ವಿ.ಯಲ್ಲಿ 1965ರಿಂದ 1970ರವರೆಗೆ ಒಬ್ಬ ದಡ್ಡ ಗೂಢಚಾರ ಓಡಾಡಿದ. ಧಾರಾವಾಹಿಯ ಹೆಸರು 'ಗೆಟ್ ಸ್ಮಾರ್ಟ್'. ಹುಟ್ಟಿಸಿದವರು ಮೆಲ್ ಬ್ರೂಕ್ಸ್, ಬಕ್ ಹೆನ್ರಿ. ಅವನ ಫೋನು ಬೂಟಿನೊಳಗೆ. ಗುಟ್ಟು ಮಾತಾಡಬೇಕೆಂದರೆ ತಲೆ ಮೇಲೆ ಒಂದು ಪಾರದರ್ಶಕ ಗುಮ್ಮಟ ಇಳಿಯುತ್ತದೆ. ಒಳಗೆ ಕುಂತ ಇಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ! ಜಗತ್ತು ಜೇಮ್ಸ್ ಬಾಂಡ್‌ನನ್ನು ಹೊತ್ತು ಮೆರೆಸುತ್ತಿದ್ದ ಕಾಲ. ಆ ಮೆರವಣಿಗೆಯನ್ನೇ ಈ ಧಾರಾವಾಹಿ ನಗೆಗೀಡು ಮಾಡಿತು.

2008ರಲ್ಲಿ ಅದು ಸಿನಿಮಾ ಆಯಿತು. ಆದದ್ದೇನು? ದಡ್ಡ ಜಾಣನಾದ, ಕೊನೆಗೆ ಹೀರೋನೂ ಆದ. ಬೂಟಿನ ಫೋನು ಮ್ಯೂಜಿಯಂ ಸೇರಿತ್ತು. ಆಳುವವರನ್ನು ನೋಡಿ ನಕ್ಕ ಕಥೆಯಲ್ಲಿ ಮದ್ದುಗುಂಡಿನ ಸಪ್ಪಳವೇ ಹೆಚ್ಚಾಯಿತು.

ನಮಗೂ ಈ ಗೀಳು ಹೊಸದಲ್ಲ. 1968ರಲ್ಲಿ ದೊರೈ-ಭಗವಾನ್ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಮಾಡಿದರು. ರಾಜಕುಮಾರ್ ಕನ್ನಡದ ಬಾಂಡ್ ಆದರು. ಕೇರಿಯ ಹುಡುಗರೂ ಸೀಟಿ ಹೊಡೆದರು, ತಪ್ಪಲ್ಲ. ಆದರೆ ಆ ಹುಡುಗರ ಊರಿನ ಗುಟ್ಟನ್ನು ಯಾವ 999 ಹುಡುಕಿದ?

ಇವತ್ತು ಯಾರಾದರೂ ಆ ಅಮೆರಿಕದ ನಗೆಯನ್ನು ಕನ್ನಡದ ಸಿನಿಮಾ ಮಾಡುವುದಾದರೆ ನನ್ನದೊಂದು ಮಾತು. ಗೋವಾಕ್ಕ ಹೋಗಬ್ಯಾಡ್ರಿ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಾಗ ಇಳೀರಿ.

ಬೂಟಿನಾಗ ಫೋನು ಅಂದರೆ ಅವರಿಗೆ ನಗು. ಗೌಡರ ಓಣಿ ಬಂತಂದ್ರ ನಮ್ಮ ಹಿರ್ಯಾರ ಕೆರ ಕಾಲಾಗ ಇರತಿರಲಿಲ್ಲ, ಕೈಯಾಗ ಇರತಿತ್ತು. ಫೋನಿಲ್ಲದ ಕಾಲಕ್ಕೆ ಊರ ಸಾವಿನ ಸುದ್ದಿಯನ್ನು ಹತ್ತು ಹಳ್ಳಿಗೆ ಮುಟ್ಟಿಸಿದ್ದು ಯಾರ ಬರಿಗಾಲು? ಅದಕ್ಕೆ ಸಿಕ್ಕ ಕೂಲಿ ಎಷ್ಟು? ತಂಗಳ ರೊಟ್ಟಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಬಂತು; ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಚಪ್ಪಲಿಗೆ ಗುರುತು ಸಿಕ್ಕಿತು. ಹೊಲಿದ ಕೈಗೆ?

ಅಲ್ಲಿಂದ ಕಿತ್ತೂರಿಗೆ ಬರ್ರಿ. 1830ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರಿಗೆ ಹಿಡಿದುಕೊಟ್ಟವರು ನಮ್ಮ ಒಳಗಿನವರೇ. 1831ರಲ್ಲಿ ನಂದಗಡದಲ್ಲಿ ಗಲ್ಲು. ಗೂಢಚಾರ ಯಾರ ಉಪ್ಪು ತಿಂತಾನ ಅನ್ನೋದನ್ನ ಕೇಳದೆ ಅವನಿಗೆ ಚಪ್ಪಾಳೆ ಹೊಡೀಬ್ಯಾಡ್ರಿ.

ಇನ್ನು ಸವದತ್ತಿ ಗುಡ್ಡ. ದೇವದಾಸಿ ಬಿಡುವುದನ್ನು 1982ರ ಕಾಯಿದೆ ನಿಷೇಧಿಸಿತು. ಮುತ್ತು ಕಟ್ಟಿಸಿಕೊಂಡವರು ಯಾರ ಮಕ್ಕಳು, ಅವರನ್ನು ಉಂಡವರು ಯಾರು? ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗೆಳೆಯರೇ, ಆ ಗುಮ್ಮಟ ನಮ್ಮ ತಲೆ ಮೇಲೆ ಎಂದೋ ಇಳಿದದ. ಒಳಗ ಅವ್ವ ಚೀರತಾಳ, ಪಂಚರಿಗೆ ಕೇಳಂಗಿಲ್ಲ, ಠಾಣೆಗೆ ಕೇಳಂಗಿಲ್ಲ. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಗುಮ್ಮಟ ಇನ್ನೂ ಮೇಲೆದ್ದಿಲ್ಲ.

ಹಾಗಂತ ನಗೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ದೊಡ್ಡಾಟದ ಸಾರಥಿ ರಾಜನ ಮುಂದೆಯೇ ನಿಂತು "ನೀ ಯಾರು?" ಎಂದು ಕೇಳುತ್ತಾನೆ. ಆ ಪ್ರಶ್ನೆ ಇರುವ ನಗೆ ಬೇಕು. ಬಡವನ ಮಾತನ್ನು, ಬಣ್ಣವನ್ನು ಆಡಿಕೊಳ್ಳುವ ನಗೆ ಸಾಕಷ್ಟಾಯಿತು.

ಸಿನಿಮಾದವರು ಮಾಡಲಿಲ್ಲಂದ್ರ, ರಾಮದುರ್ಗದ ಹಳ್ಳಿ ಸಾಲಿ ಮಾಸ್ತರರೇ, ಈ ಸಲದ ಗ್ಯಾದರಿಂಗಿಗೆ ನೀವ ಆಡಸ್ರಿ. ಗೂಢಚಾರಳಾಗಿ ಕೇರಿಯ ಹುಡುಗಿ ಇರಲಿ. ಅಕಿ ಬೂಟಿನಾಗ ಫೋನು ಬ್ಯಾಡ. ಬೂಟು ಹಾಕ್ಕೊಂಡು ಗೌಡರ ಓಣಿಯಾಗ ಟಕಟಕ ನಡೀಲಿ, ಸಾಕು. ಯಾರು ನಗತಾರ, ಯಾರ ಮಾರಿ ಗಂಟಾಗತೈತಿ, ಬರಕೊಳ್ರಿ. ಊರ ಗುಟ್ಟು ಅಲ್ಲೇ ಹೊರಗ ಬೀಳತೈತಿ.